ಕೆಲಸ ಹೋದ ಮನೆಯಲ್ಲಿ ಮಗುವಿನ ತೂಕ

ತಿಪಟೂರು ಕಡೆಯ ದಬ್ಬೇಘಟ್ಟದ ಸುತ್ತಮುತ್ತ ಕಾಯಿ ಸುಲಿಯುವವರ, ಕೊಬ್ಬರಿ ಒಡೆಯುವವರ ಸಂಪಾದನೆ ಧಾರಣೆಯ ಜೊತೆ ಏರಿಳಿಯುತ್ತದೆ. 2023ರಲ್ಲಿ ತಿಪಟೂರಿನಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗೆ ಬಿದ್ದಾಗ ತೋಟದವರಷ್ಟೇ ಅಲ್ಲ, ಕೂಲಿಯವರಿಗೂ ಬಿಸಿ ತಟ್ಟಿತು. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಕೆಲಸ ಕಳೆದುಕೊಂಡು ಊರಿಗೆ ಬಂದ ಸಂಸಾರಗಳ ಪಾಡೂ ಇದೇ.

ಇಂಥ ಮನೆಗಳಲ್ಲಿ ಮಕ್ಕಳು ಸೊರಗುತ್ತಾರೆ ಎಂದಷ್ಟೇ ನಾವು ಎಣಿಸುತ್ತೇವೆ. ಆದರೆ ಕೆಲವರು ದಪ್ಪವೂ ಆಗುತ್ತಾರೆ. ತಟ್ಟೆಯಿಂದ ಮೊದಲು ಮಾಯವಾಗುವುದು ಮೊಟ್ಟೆ, ಹಾಲು, ಹಣ್ಣು. ಉಳಿಯುವುದು ಅನ್ನ, ತಿಳಿಸಾರು. ಅಳುವ ಮಗುವಿನ ಕೈಗೆ ಐದು ರೂಪಾಯಿಯ ಕುರುಕಲು ಪೊಟ್ಟಣ, ಇಲ್ಲವೇ ಸಕ್ಕರೆ ಟೀಯಲ್ಲಿ ಅದ್ದಿದ ಬಿಸ್ಕತ್ತು. ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗುವುದಿಲ್ಲ. ದೊಡ್ಡವರ ಜಗಳ ಮಗುವಿನ ನಿದ್ದೆಯನ್ನೂ ಕೆಡಿಸುತ್ತದೆ.

‘ನಾವೇ ಮನೇಲಿದ್ದೀವಲ್ಲ’ ಎಂದು ಅಂಗನವಾಡಿ ತಪ್ಪಿಸಬೇಡಿ. ಅದು ದೊಡ್ಡ ತಪ್ಪು. ಅಲ್ಲಿ ಬಿಸಿಯೂಟವಿದೆ, ಮೊಟ್ಟೆಯಿದೆ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿದೆ. ತಿಂಗಳಿಗೊಮ್ಮೆ ತೂಕವನ್ನೂ ನೋಡುತ್ತಾರೆ. ಬೆಳವಣಿಗೆ ಪಟ್ಟಿಯ ಗೆರೆ ಎರಡು ತಿಂಗಳಾದರೂ ಮೇಲೇರದಿದ್ದರೆ ಕಾರ್ಯಕರ್ತೆಯನ್ನು ವಿಚಾರಿಸಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ನಾಳೆ ಎನ್ನದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯಲ್ಲಿ ರಾಗಿ ಅಂಬಲಿ, ಬೇಯಿಸಿದ ಹೆಸರುಕಾಳು, ಹಿತ್ತಲ ನುಗ್ಗೆಸೊಪ್ಪು ಬಿಡಬೇಡಿ. ಪೊಟ್ಟಣದ ಕಾಸು ಇದಕ್ಕಾಗಲಿ. ಕೆಲಸ ಹೋಗಿದೆ ಎಂದು ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯ ಹತ್ತಿರ ಹೇಳಿಕೊಳ್ಳಿ. ಮಗುವಿನ ವಿಷಯದಲ್ಲಿ ಸಂಕೋಚ ಬೇಡ.