ಯಂತ್ರವನ್ನರಿತು ಭಾಷೆಯನ್ನು ಆರಿಸುವುದು

ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರಕ್ಕೆ ನಮ್ಮ ಶಾಲೆಯ ಹುಡುಗಿಯರು ತಾವೇ ಒಂದು ಆಟವನ್ನು ಬರೆಯುತ್ತಿರುವರೆಂದು ಕೇಳಿದ ತಾಯಿಯೊಬ್ಬರು, “ಯಾವ ಭಾಷೆಯಲ್ಲಿ ಬರೆಯುತ್ತಾರೆ, ಟೀಚರ್? ಕನ್ನಡದಲ್ಲೋ ಇಂಗ್ಲಿಷಿನಲ್ಲೋ?” ಎಂದು ನಮ್ಮನ್ನು ವಿಚಾರಿಸಿದರು. ಇದು ನಗತಕ್ಕ ಪ್ರಶ್ನೆಯೆಂದು ಯಾರೂ ಎಣಿಸಬಾರದು. ಯಂತ್ರಕ್ಕೆ ಅಪ್ಪಣೆ ಕೊಡುವ ಭಾಷೆಗಳು ಬೇರೆಯೇ ಉಂಟು. ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬ ವಿಷಯದಲ್ಲಿ ಕಲಿತವರೂ ತಪ್ಪುವರು. ನಾವು ತಪ್ಪಿದೆವು. ಆ ತಪ್ಪಿನಿಂದ ಕಲಿತದ್ದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಈ ಸಂಚಿಕೆಯಲ್ಲಿ ಪಾಠರೂಪವಾಗಿ ತಿಳಿಸಲಿಚ್ಛಿಸುತ್ತೇವೆ.

ನಮ್ಮ ಪೂರ್ವವಿದ್ಯಾರ್ಥಿನಿಯೊಬ್ಬರು ಪರದೇಶದಿಂದ ಬಂದಾಗ ಹಳೆಯ ಗೇಮ್ ಬಾಯ್ ಯಂತ್ರವೊಂದನ್ನೂ, ಹೊಸ ಆಟವನ್ನು ತುಂಬಬಹುದಾದ ಕಾರ್ಟ್ರಿಜ್ ಒಂದನ್ನೂ ಶಾಲೆಗೆ ಕೊಟ್ಟರು. ಒಂಬತ್ತನೆಯ ತರಗತಿಯ ಎಂಟು ಮಂದಿ ಹುಡುಗಿಯರು ಹೊಳೆ ದಾಟುವ ಆಟವನ್ನು ಕಲ್ಪಿಸಿದರು. ಕಲಿಯಲು ಸುಲಭವಾದ ಭಾಷೆ, ಮುಂದಕ್ಕೂ ಉಪಯೋಗವಾಗುವುದು ಎಂದು ಹೇಳಿ, ನಾವು ಪೈಥಾನನ್ನು ಗೊತ್ತುಮಾಡಿದೆವು. ಮೂರು ತಿಂಗಳಲ್ಲಿ ಆಟವು ಶಾಲೆಯ ಕಂಪ್ಯೂಟರಿನ ಮೇಲೆ ಚೆನ್ನಾಗಿ ನಡೆಯಿತು. ಆದರೆ ಅದನ್ನು ಆ ಚಿಕ್ಕ ಯಂತ್ರದೊಳಗೆ ಸೇರಿಸಲು ಹೋದಾಗ ದಾರಿಯೇ ಇರಲಿಲ್ಲ. “ಹಾಗಾದರೆ ನಾವು ಬರೆದದ್ದೆಲ್ಲ ವ್ಯರ್ಥವೋ, ಟೀಚರ್?” ಎಂದು ಒಬ್ಬಳು ಕೇಳಿದಳು. ತಾವು ಬುದ್ಧಿಯಲ್ಲಿ ಕಡಮೆಯಾದುದರಿಂದ ಹೀಗಾಯಿತೆಂದು ಉಳಿದವರು ನಂಬಿದಂತಿತ್ತು. ಅದೇ ನಮ್ಮನ್ನು ಹೆಚ್ಚಾಗಿ ನೋಯಿಸಿತು. ಏಕೆಂದರೆ ತಪ್ಪು ಅವರದಲ್ಲ, ಯಂತ್ರವನ್ನು ನೋಡದೆ ಭಾಷೆಯನ್ನು ಗೊತ್ತುಮಾಡಿದ ನಮ್ಮದು.

ಹೀಗೇಕಾಯಿತೆಂದು ತಿಳಿಯಲು, ಭಾಷೆಗಳು ಯಂತ್ರವನ್ನು ಮುಟ್ಟುವ ಬಗೆಯನ್ನು ತಿಳಿಯಬೇಕು. ಯಂತ್ರವು ಅಂಕೆಗಳ ರೂಪದಲ್ಲಿರುವ ಅತಿ ಚಿಕ್ಕ ಅಪ್ಪಣೆಗಳನ್ನು ಮಾತ್ರ ಅರಿಯುವುದು. ಆ ಅಪ್ಪಣೆಗಳನ್ನೇ ಗುರುತಿನ ಅಕ್ಷರಗಳಿಂದ ಒಂದೊಂದಾಗಿ ಬರೆಯುವುದು ಅಸೆಂಬ್ಲಿ. ಎರಡನೆಯ ಬಗೆಯಲ್ಲಿ ಮನುಷ್ಯರಿಗೆ ಓದಲು ಅನುಕೂಲವಾದ ಭಾಷೆಯಲ್ಲಿ ಬರೆದು, ಕಂಪೈಲರಿನಿಂದ ಅದನ್ನೆಲ್ಲ ಮೊದಲೇ ಯಂತ್ರದ ಅಪ್ಪಣೆಗಳಾಗಿ ಭಾಷಾಂತರಿಸುವರು. ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚ್ಚಿಯವರು ೧೯೭೨ರ ಸುಮಾರಿಗೆ ರಚಿಸಿದ ಸಿ ಭಾಷೆಯು ಇಂಥದ್ದು. ಭಾಷಾಂತರವಾದ ಮೇಲೆ ಭಾಷಾಂತರಕಾರನು ಮನೆಗೆ ಹೋಗುವನು. ಪುಸ್ತಕ ಮಾತ್ರ ಉಳಿಯುವುದು. ಮೂರನೆಯ ಬಗೆ ಪೈಥಾನ್, ಲುವಾ ಮುಂತಾದವುಗಳದು. ಹಿಂದಿನ ಕಾಲದಲ್ಲಿ ಪರದೇಶದ ಬೋಧಕರು ಉಪದೇಶಿಸುವಾಗ ದುಭಾಷಿಯು ಪಕ್ಕದಲ್ಲಿ ನಿಂತು ವಾಕ್ಯವಾಕ್ಯವಾಗಿ ತಿಳಿಸುತ್ತಿದ್ದನಲ್ಲವೆ? ಹಾಗೆಯೇ ಇಲ್ಲಿ ದುಭಾಷಿಯು ಆಟ ಮುಗಿಯುವ ತನಕ ಯಂತ್ರದೊಳಗೇ ಇರಬೇಕು. ಅವನಿಗೆ ಸ್ಥಳವೂ ಕಾಲವೂ ಬೇಕು.

ಇವುಗಳಲ್ಲಿ ಮೇಲು ಯಾವುದು, ಕೀಳು ಯಾವುದು ಎಂದು ಕೇಳುವುದು ಸರಿಯಲ್ಲ. ಯಂತ್ರದ ಮುಂದೆ ಕುಳಿತು ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು.

ಮೊದಲನೆಯದು, ಸ್ಥಳವೆಷ್ಟು? ಜಪಾನಿನ ನಿಂಟೆಂಡೊ ಕಂಪೆನಿಯವರು ೧೯೮೯ರಲ್ಲಿ ಹೊರತಂದ ಗೇಮ್ ಬಾಯ್‌ನಲ್ಲಿ ಕೆಲಸದ ಮೆಮೊರಿ ೮ ಕಿಲೋಬೈಟ್, ಅಂದರೆ ೮,೧೯೨ ಬೈಟ್ ಮಾತ್ರ; ಇಂಗ್ಲಿಷ್ ಅಕ್ಷರಗಳಿಂದ ತುಂಬಿದರೆ ಅಚ್ಚಾದ ಪುಸ್ತಕದ ನಾಲ್ಕೈದು ಪುಟಗಳಷ್ಟು. ಚಿತ್ರಗಳಿಗೆಂದು ಇನ್ನೂ ೮ ಕಿಲೋಬೈಟ್ ಉಂಟು. ಚಿಕ್ಕ ಯಂತ್ರಗಳಿಗಾಗಿಯೇ ಸಂಕ್ಷೇಪಿಸಿದ ಮೈಕ್ರೋಪೈಥಾನ್ ಸಹ ೧೬ ಕಿಲೋಬೈಟ್ ಮೆಮೊರಿಯನ್ನೂ, ಪ್ರೋಗ್ರಾಮಿಗೆ ೨೫೬ ಕಿಲೋಬೈಟ್ ಸ್ಥಳವನ್ನೂ ಬೇಡುವುದು. ದುಭಾಷಿಯೇ ಮನೆಗಿಂತ ದೊಡ್ಡವನಾದರೆ ಅತಿಥಿಯು ಎಲ್ಲಿ ಕುಳಿತಾನು? ನಮ್ಮ ಹುಡುಗಿಯರ ಆಟಕ್ಕೆ ಅಡ್ಡಿಯಾದದ್ದು ಇದೇ.

ಎರಡನೆಯದು, ಕಾಲವೆಷ್ಟು? ಪರದೆಯ ಚಿತ್ರವು ಸೆಕೆಂಡಿಗೆ ಸುಮಾರು ೬೦ ಸಲ ಹೊಸದಾಗುವುದು. ಗೇಮ್ ಬಾಯ್ ಯಂತ್ರದ ಗಡಿಯಾರವು ಸೆಕೆಂಡಿಗೆ ಸುಮಾರು ೪೨ ಲಕ್ಷ ಸಲ ಮಿಡಿಯುವುದು. ಇದನ್ನು ಭಾಗಿಸಿದರೆ ಒಂದು ಚಿತ್ರದ ಪಾಲಿಗೆ ಸುಮಾರು ೭೦,೦೦೦ ಮಿಡಿತ. ಅತಿ ಸುಲಭವಾದ ಅಪ್ಪಣೆಗೂ ೪ ಮಿಡಿತ ಬೇಕು. ಆದುದರಿಂದ ಒಂದು ಚಿತ್ರದ ಅವಧಿಯಲ್ಲಿ ೧೭,೫೦೦ರಷ್ಟು ಅಪ್ಪಣೆಗಳನ್ನು ಮೀರುವಂತಿಲ್ಲ. ಇದಲ್ಲದೆ, ಪೈಥಾನ್, ಲುವಾಗಳಂಥ ಭಾಷೆಗಳು ಬಳಸಿ ಬಿಟ್ಟ ಮೆಮೊರಿಯನ್ನು ನಡುನಡುವೆ ತಾವೇ ಶುಚಿಮಾಡಿಕೊಳ್ಳುವುವು. ಬರೆಯುವವರಿಗೆ ಇದು ದೊಡ್ಡ ಉಪಕಾರ. ಆದರೆ ಹಾಸ್ಟೆಲಿನಲ್ಲಿ ಮಕ್ಕಳು ಎಲೆಯ ಮುಂದೆ ಕುಳಿತಿರುವಾಗ ಬಡಿಸುವವಳು ಪಾತ್ರೆ ತೊಳೆಯಲು ಹೋದರೆ ಊಟ ನಿಲ್ಲುವಂತೆ, ಆಟವೂ ಕ್ಷಣಕಾಲ ತಡವರಿಸಬಹುದು. ಚಿಕ್ಕ ಯಂತ್ರಕ್ಕೆ ಸಿ ಭಾಷೆಯಲ್ಲಿ ಬರೆಯುವವರು ಬೇಕಾದ ಪಾತ್ರೆಗಳನ್ನೆಲ್ಲ ಊಟಕ್ಕೆ ಮೊದಲೇ ಎಣಿಸಿಡುವರು.

ಮೂರನೆಯದು, ಯಂತ್ರಕ್ಕೆ ಬರುವ ಲೆಕ್ಕವೆಷ್ಟು? ಗೇಮ್ ಬಾಯ್‌ಗೆ ಕೂಡಿಸಲು ಕಳೆಯಲು ಬರುವುದು. ಗುಣಿಸುವ ಅಪ್ಪಣೆ ಅದಕ್ಕಿಲ್ಲ. ಸಿ ಭಾಷೆಯಲ್ಲಿ ಗುಣಾಕಾರದ ಚಿಹ್ನೆಯೊಂದನ್ನು ಬರೆದರೆ ಕಂಪೈಲರು ಅದರ ಬದಲು ಅನೇಕ ಅಪ್ಪಣೆಗಳನ್ನು ಇರಿಸುವುದು. ಬರೆದವಳಿಗೆ ಒಂದೇ ಗುರುತು ಕಾಣುವುದು, ದುಡಿಮೆ ಯಂತ್ರದ್ದು. ದಶಾಂಶದ ಲೆಕ್ಕವೂ ಅದಕ್ಕೆ ಸ್ವತಃ ಬಾರದು. ಹಾಗಾದರೆ ದೋಣಿಯು ಒಂದು ಚುಕ್ಕೆಗಿಂತ ಕಡಮೆ ದೂರ ಮೆಲ್ಲನೆ ಸರಿಯುವುದು ಹೇಗೆ? ನಮ್ಮ ಅಜ್ಜಿಯರ ಕಾಲದಲ್ಲಿ ರೂಪಾಯಿಗೆ ೧೬ ಆಣೆ ಇದ್ದವು. ಅರ್ಧ ರೂಪಾಯಿ ಎನ್ನದೆ ೮ ಆಣೆ ಎಂದರೆ ಭಿನ್ನರಾಶಿಯ ತೊಡಕೇ ಇಲ್ಲ. ಹಾಗೆಯೇ ಒಂದು ಚುಕ್ಕೆಯನ್ನು ೧೬ ಪಾಲಾಗಿ ಎಣಿಸಿ, ಪೂರ್ಣಾಂಕಗಳಿಂದಲೇ ಲೆಕ್ಕವನ್ನು ನಡಿಸಬಹುದು. ಇದನ್ನು ಹೇಳಿದ ಕೂಡಲೆ ನಮ್ಮ ಹುಡುಗಿಯರ ಮುಖಗಳು ಅರಳಿದವು.

ನಾಲ್ಕನೆಯದು, ಆ ಯಂತ್ರಕ್ಕೆ ಯಾವ ಭಾಷೆಯ ಉಪಕರಣಗಳುಂಟು? ಎಷ್ಟು ಒಳ್ಳೆಯ ಭಾಷೆಯಾದರೂ, ಅದನ್ನು ಆ ಯಂತ್ರದ ಅಪ್ಪಣೆಗಳಾಗಿ ಮಾರ್ಪಡಿಸುವ ಕಂಪೈಲರಾಗಲಿ ಅದರೊಳಗೆ ನಡೆಯುವ ದುಭಾಷಿಯಾಗಲಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ಗೇಮ್ ಬಾಯ್‌ಗೆ ಅಸೆಂಬ್ಲಿಯಲ್ಲಿ ಬರೆಯಲು ಆರ್‌ಜಿಬಿಡಿಎಸ್ ಎಂಬುದೂ, ಸಿ ಭಾಷೆಯಲ್ಲಿ ಬರೆಯಲು ಜಿಬಿಡಿಕೆ ಎಂಬುದೂ ಹಣವಿಲ್ಲದೆ ದೊರೆಯುವುವು.

ಈ ಪ್ರಶ್ನೆಗಳಿಗೆ ಯಂತ್ರಯಂತ್ರಕ್ಕೂ ಉತ್ತರ ಬೇರೆ. ಗೇಮ್ ಬಾಯ್ ಕಾಲದ ಆಟಗಳಲ್ಲಿ ಹೆಚ್ಚಿನವು ಅಸೆಂಬ್ಲಿಯಲ್ಲಿಯೇ ಬರೆಯಲ್ಪಟ್ಟವು. ಅದೇ ಕಂಪೆನಿಯ ಗೇಮ್ ಬಾಯ್ ಅಡ್ವಾನ್ಸ್ ೨೦೦೧ರಲ್ಲಿ ಬಂದಾಗ ಗಡಿಯಾರದ ವೇಗ ಸುಮಾರು ನಾಲ್ಕು ಪಟ್ಟಾಗಿತ್ತು; ೩೨ ಕಿಲೋಬೈಟ್ ಶೀಘ್ರವಾದ ಮೆಮೊರಿಯೂ, ಅದಕ್ಕಿಂತ ನಿಧಾನವಾದ ೨೫೬ ಕಿಲೋಬೈಟ್ ಮೆಮೊರಿಯೂ ಇದ್ದವು. ಅಲ್ಲಿ ಆಟದ ಬಹುಭಾಗವನ್ನು ಸಿ ಭಾಷೆಯಲ್ಲಿ ಬರೆದು, ಧ್ವನಿಗಳನ್ನು ಬೆರಸುವಂಥ ಭಾರದ ಕೆಲಸಕ್ಕೆ ಮಾತ್ರ ಅಸೆಂಬ್ಲಿಯನ್ನು ಉಪಯೋಗಿಸುವುದು ವಾಡಿಕೆಯಾಯಿತು. ಅಮೇರಿಕದ ಪ್ಯಾನಿಕ್ ಎಂಬ ಕಂಪೆನಿಯವರು ೨೦೨೨ರಲ್ಲಿ ಮಾರಾಟಕ್ಕೆ ತಂದ ಪ್ಲೇಡೇಟ್ ಎಂಬ ಹಳದಿ ಯಂತ್ರದಲ್ಲಿಯಾದರೋ ೧೬ ಮೆಗಾಬೈಟ್ ಮೆಮೊರಿ ಉಂಟು. ಅದಕ್ಕೆ ಲುವಾ, ಸಿ ಎರಡೂ ಸಲ್ಲುವುವು. ಲುವಾ ಎಂಬುದು ಬ್ರೆಜಿಲ್ ದೇಶದ ರಿಯೊ ದಿ ಜನೈರೊ ನಗರದ ವಿಶ್ವವಿದ್ಯಾನಿಲಯವೊಂದರಲ್ಲಿ ೧೯೯೩ರಲ್ಲಿ ಹುಟ್ಟಿದ ಭಾಷೆ. ಪೋರ್ಚುಗೀಸಿನಲ್ಲಿ ಈ ಹೆಸರಿಗೆ ಚಂದ್ರನೆಂದರ್ಥ. ಅಲ್ಲಿ ಲುವಾದಿಂದ ಆರಂಭಿಸಿ, ನಿಧಾನವಾಗುವ ಭಾಗವನ್ನು ಮಾತ್ರ ಸಿ ಭಾಷೆಗೆ ತಿರುಗಿಸುವುದು ವಿವೇಕ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಮರುವರ್ಷ ಅದೇ ಹುಡುಗಿಯರನ್ನು ಕೂಡಿಸಿ, ನಮ್ಮ ತಪ್ಪನ್ನು ಅವರೆದುರಿಗೆ ಒಪ್ಪಿಕೊಂಡು, ಈ ಪ್ರಶ್ನೆಗಳನ್ನು ಕಪ್ಪು ಹಲಗೆಯ ಮೇಲೆ ಬರೆದೆವು. ಈ ಸಲ ಭಾಷೆಯನ್ನು ಅವರೇ ಆರಿಸಿದರು: ಆಟಕ್ಕೆ ಸಿ, ಹೊಳೆಯ ನೀರು ಸರಿಯುವ ಒಂದು ಭಾಗಕ್ಕೆ ಅಸೆಂಬ್ಲಿ. ಸಿ ಭಾಷೆ ಹುಡುಗಿಯರಿಗೆ ಕಠಿಣವಾಗದೆ ಎಂದು ಹಿತೈಷಿಗಳೊಬ್ಬರು ಸಂದೇಹಪಟ್ಟರು. ಕಠಿಣವೇ ಸರಿ; ಆದರೂ ಕಾರಣವನ್ನು ತಿಳಿದು ಕೈಕೊಂಡ ಕಷ್ಟಕ್ಕೆ ಅವರು ಬೇಸರಪಡಲಿಲ್ಲ. ಹಿಂದಿನ ಮೂರು ತಿಂಗಳೂ ವ್ಯರ್ಥವಾಗಲಿಲ್ಲ. ಆಟದ ಕ್ರಮವೆಲ್ಲ ಪೈಥಾನಿನಲ್ಲಿ ಮೊದಲೇ ಗೊತ್ತಾಗಿದ್ದುದರಿಂದ ಭಾಷೆಯನ್ನು ಬದಲಿಸುವುದಷ್ಟೇ ಉಳಿದಿತ್ತು. ೧೬೦ ಚುಕ್ಕೆ ಅಗಲ, ೧೪೪ ಚುಕ್ಕೆ ಎತ್ತರದ ಆ ಪರದೆಯ ಮೇಲೆ ದೋಣಿಯು ಹೊಳೆ ದಾಟಿದ ಸಾಯಂಕಾಲ, ಮೊದಲು ನಮ್ಮನ್ನು ಪ್ರಶ್ನಿಸಿದವಳೇ ಯಂತ್ರವನ್ನು ನಮ್ಮ ಕೈಗೆ ಕೊಟ್ಟು, “ನೀವೂ ಆಡಿ, ಟೀಚರ್” ಎಂದಳು.

“ಯಾವ ಭಾಷೆ ಕಲಿತರೆ ಕೆಲಸ ಸಿಕ್ಕುವುದು?” ಎಂದು ಕೇಳುವ ತಾಯಿತಂದೆಗಳಿಗೆ ನಮ್ಮ ವಿಜ್ಞಾಪನೆ ಇಷ್ಟೇ. ಭಾಷೆಗಳು ಬರುವುವು, ಹೋಗುವುವು. ಸ್ಥಳವೆಷ್ಟು, ಕಾಲವೆಷ್ಟು, ಲೆಕ್ಕವೆಷ್ಟು, ಉಪಕರಣವೇನು ಎಂದು ಕೇಳಿ ಆರಿಸುವ ಅಭ್ಯಾಸವು ಉಳಿಯುವುದು. ಗೋಪುರ ಕಟ್ಟುವವನು ಮೊದಲು ಕುಳಿತು ವೆಚ್ಚವನ್ನೆಣಿಸುವ ಸಾಮ್ಯವನ್ನು ನಾವೆಲ್ಲರೂ ಭಾನುವಾರದ ಶಾಲೆಯಲ್ಲಿ ಕಲಿತವರೇ. ಅದನ್ನು ಎಂಟು ಮಂದಿ ಮಕ್ಕಳ ಮುಂದೆ ಎರಡನೆಯ ಸಾರಿ ಕಲಿತೆವೆಂದು ಹೇಳಿಕೊಳ್ಳಲು ನಮಗೆ ನಾಚಿಕೆಯಿಲ್ಲ.