ಹಾವು ಕಡಿತದ ಚಿಕಿತ್ಸೆ ಕಲಿಸಲು ಕವಲು ಪಾಠ: ಕಂಪ್ಯೂಟರಿನಲ್ಲಿ ಸಿದ್ಧಪಡಿಸುವ ಬಗೆ

ತುರ್ತು ಚಿಕಿತ್ಸೆಯ ಕ್ರಮವನ್ನು ಸ್ಲೈಡುಗಳ ಮೂಲಕ ವಿವರಿಸಬಹುದಾದರೂ, ರೋಗಿ ಎದುರಿಗಿರುವಾಗ ಮೊದಲು ಏನು ಮಾಡಬೇಕೆಂದು ನಿರ್ಧರಿಸುವ ಅಭ್ಯಾಸ ಬರಿಯ ಓದಿನಿಂದ ಬರುವುದಿಲ್ಲ. ಈ ಅಭ್ಯಾಸಕ್ಕೆ ಒದಗುವ ಸಾಧನವೇ ಕವಲು ಪಾಠ, ಅಂದರೆ ಕಲಿಯುವವರು ಆರಿಸಿದ ಉತ್ತರಕ್ಕೆ ತಕ್ಕಂತೆ ಮುಂದಿನ ದೃಶ್ಯ ಬದಲಾಗುವ, ಪರದೆಯ ಮೇಲಿನ ರೋಗಿಯ ಪ್ರಕರಣ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿ ಪ್ರಕರಣಗಳನ್ನು ವರದಿ ಮಾಡುವುದನ್ನು ಕಡ್ಡಾಯಗೊಳಿಸಿರುವುದರಿಂದ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸುಗಳಿಗೂ ಯುವ ವೈದ್ಯರಿಗೂ ಇದೇ ವಿಷಯದ ಪಾಠವೊಂದನ್ನು ಹೇಗೆ ಕಟ್ಟಬಹುದೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಹೆಜ್ಜೆ ಕಾಗದದ ಮೇಲೆಯೇ ನಡೆಯಬೇಕು. ಒಂದು ಪ್ರಕರಣ, ನಾಲ್ಕೈದು ತೀರ್ಮಾನಗಳು, ಪ್ರತಿ ತೀರ್ಮಾನಕ್ಕೆ ಎರಡು ಮೂರು ಆಯ್ಕೆಗಳು ಇದ್ದರೆ ಸಾಕು. ಇದಕ್ಕಿಂತ ಹೆಚ್ಚಾದರೆ ಕವಲುಗಳ ಸಂಖ್ಯೆ ಕೈಮೀರುತ್ತದೆ. ಉದಾಹರಣೆಗೆ, ನೆಲದ ಮೇಲೆ ಮಲಗಿದ್ದ ಕೂಲಿಕಾರನೊಬ್ಬನಿಗೆ ನಡುರಾತ್ರಿ ಕಟ್ಟುಹಾವು ಕಡಿದಿದೆ ಎಂದಿಟ್ಟುಕೊಳ್ಳಬಹುದು. ಈ ಹಾವು ಕಡಿದ ಜಾಗದಲ್ಲಿ ಹಲವು ವೇಳೆ ಊತವಾಗಲಿ ನೋವಾಗಲಿ ಇರುವುದಿಲ್ಲವಾದ್ದರಿಂದ ರೋಗಿಯನ್ನು ಮನೆಗೆ ಕಳುಹಿಸುವ ಆಯ್ಕೆ ಸಹಜವಾಗಿಯೇ ಕಾಣುತ್ತದೆ. ಅದನ್ನು ಆರಿಸಿದವರಿಗೆ 'ತಪ್ಪು' ಎಂಬ ಕೆಂಪು ಅಕ್ಷರಗಳ ಬದಲು, ಕೆಲವು ಗಂಟೆಗಳ ಬಳಿಕ ರೆಪ್ಪೆ ಜೋತುಬಿದ್ದು ಉಸಿರಾಟಕ್ಕೆ ಕಷ್ಟಪಡುತ್ತಿರುವ ಅದೇ ರೋಗಿಯನ್ನು ತೋರಿಸಬೇಕು. ತಪ್ಪು ಆಯ್ಕೆಯ ಪರಿಣಾಮವನ್ನು ಇಷ್ಟು ಎಚ್ಚರದಿಂದ ಬರೆಯದಿದ್ದರೆ, ಎಷ್ಟೇ ಒಳ್ಳೆಯ ತಂತ್ರಾಂಶ ಬಳಸಿದರೂ ಪಾಠ ಸಾಧಾರಣ ರಸಪ್ರಶ್ನೆಯಾಗಿಯೇ ಉಳಿಯುತ್ತದೆ.

ಎರಡನೆಯ ಪ್ರಕರಣಕ್ಕೆ ಕೊಳಕುಮಂಡಲದ ಕಡಿತ ತಕ್ಕದ್ದು, ಏಕೆಂದರೆ ಅದರ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಇದನ್ನು ಪತ್ತೆಹಚ್ಚಲು ಸುಮಾರು 2 ಮಿಲಿಲೀಟರ್ ರಕ್ತವನ್ನು ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಹಾಕಿ, 20 ನಿಮಿಷ ಅಲುಗಾಡಿಸದೆ ಬಿಟ್ಟು, ಬಳಿಕ ಒಮ್ಮೆ ಓರೆಮಾಡಿ ನೋಡಲಾಗುತ್ತದೆ. ರಕ್ತ ಇನ್ನೂ ಹರಿಯುತ್ತಿದ್ದರೆ ಅದು ವಿಷದ ಪರಿಣಾಮದ ಸೂಚನೆ. ಪ್ಲಾಸ್ಟಿಕ್ ನಳಿಕೆ ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಗಾಜು ಬಳಸಿದರೆ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸಬಹುದಾದ್ದರಿಂದ, ನಳಿಕೆಯ ಆಯ್ಕೆಯನ್ನೇ ಒಂದು ಪ್ರಶ್ನೆಯಾಗಿಸಬೇಕು. ವಿಷ ನಿರೋಧಕ ಔಷಧದ ಪ್ರಮಾಣದ ಬಗ್ಗೆಯೂ ಒಂದು ಕವಲು ಅಗತ್ಯ: ಹಾವು ಚುಚ್ಚಿದ ವಿಷ ದೇಹದ ತೂಕವನ್ನು ನೋಡಿ ಬದಲಾಗದ ಕಾರಣ ಮಗುವಿಗೂ ದೊಡ್ಡವರಷ್ಟೇ ಔಷಧ ಕೊಡಬೇಕೆಂಬುದನ್ನು ಅನುಭವಿಗಳೂ ಕೆಲವೊಮ್ಮೆ ಮರೆಯುತ್ತಾರೆ.

ಈಗ ತಂತ್ರಾಂಶದ ಸರದಿ. ಎಚ್5ಪಿ ಎಂಬುದು ಪ್ರಶ್ನೆ, ವಿಡಿಯೊ, ಚಿತ್ರಗಳನ್ನು ಹೆಣೆದು ಸಂವಾದಾತ್ಮಕ ಪಾಠ ಕಟ್ಟಲು ನೆರವಾಗುವ, ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ಉಚಿತ ವ್ಯವಸ್ಥೆ. ಇದನ್ನು ಸ್ವಂತ ಕಂಪ್ಯೂಟರಿನಲ್ಲೇ ಬಳಸಲು ಲೂಮಿ ಎಂಬ ಉಚಿತ ಆ್ಯಪ್ ಇದೆ. ಅದನ್ನು ಸ್ಥಾಪಿಸಿ, 'ಬ್ರಾಂಚಿಂಗ್ ಸಿನಾರಿಯೊ' ಎಂಬ ಮಾದರಿಯನ್ನು ಇಂಟರ್ನೆಟ್ ಇರುವಾಗ ಒಮ್ಮೆ ಇಳಿಸಿಕೊಂಡು, ಕಾಗದದ ನಕ್ಷೆಯಲ್ಲಿದ್ದ ಒಂದೊಂದೇ ತೀರ್ಮಾನವನ್ನು ಚೌಕಗಳಾಗಿ ಜೋಡಿಸುತ್ತ ಹೋಗಬೇಕು. ನಳಿಕೆ ಓರೆಮಾಡುವ ಅರ್ಧ ನಿಮಿಷದ ವಿಡಿಯೊವನ್ನು ಮೊಬೈಲಿನಲ್ಲೇ ಚಿತ್ರಿಸಿ, 'ಇಂಟರ್‌ಆ್ಯಕ್ಟಿವ್ ವಿಡಿಯೊ' ಮಾದರಿಯಲ್ಲಿ ಅದು ತಾನಾಗಿ ನಿಂತು ಪ್ರಶ್ನೆ ಕೇಳುವಂತೆ ಮಾಡಬಹುದು. ಕನ್ನಡ ಪಠ್ಯ ಯೂನಿಕೋಡ್‌ನಲ್ಲೇ ಇರಬೇಕು; ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಟೈಪಿಸಿದ್ದನ್ನು ಪರಿವರ್ತಿಸದೆ ಅಂಟಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ.

ಅಂಗರಚನೆಯ ಚಿತ್ರಗಳಿಗೆ ಸರ್ವಿಯರ್ ಮೆಡಿಕಲ್ ಆರ್ಟ್ ಸಂಗ್ರಹವನ್ನು ಮೂಲದ ಹೆಸರು ನಮೂದಿಸಿ ಬಳಸಬಹುದು. ಹಾವುಗಳ ಚಿತ್ರಗಳು ವಿಕಿಮೀಡಿಯ ಕಾಮನ್ಸ್‌ನಲ್ಲಿ ಸಿಗುತ್ತವಾದರೂ ಅಲ್ಲಿ ಚಿತ್ರದಿಂದ ಚಿತ್ರಕ್ಕೆ ಪರವಾನಗಿ ಬೇರೆಯಾಗುತ್ತದೆ, ಆದ್ದರಿಂದ ಪ್ರತಿಯೊಂದರ ಕೆಳಗಿನ ಷರತ್ತನ್ನು ಓದಲೇಬೇಕು. ರೋಗಿಗಳ ಗಾಯದ ಚಿತ್ರ ಬಳಸುವುದಾದರೆ ಲಿಖಿತ ಒಪ್ಪಿಗೆ ಪಡೆಯುವುದರ ಜೊತೆಗೆ, ಮುಖ, ಹಚ್ಚೆ, ಹಾಸಿಗೆಯ ಮೇಲಿನ ಹೆಸರಿನ ಚೀಟಿ ಇವನ್ನು ಕತ್ತರಿಸಿ, ಚಿತ್ರದ ಫೈಲಿನೊಳಗೆ ಅಡಗಿರುವ ಸ್ಥಳ ಮತ್ತು ಸಮಯದ ಮಾಹಿತಿಯನ್ನೂ ಅಳಿಸಬೇಕು. ಇದರಲ್ಲಿ ಯಾವ ರಿಯಾಯಿತಿಯೂ ಸಲ್ಲದು.

ಸಿದ್ಧವಾದ ಪಾಠವನ್ನು ಲೂಮಿಯಿಂದ ಒಂದೇ ಎಚ್‌ಟಿಎಂಎಲ್ ಫೈಲಾಗಿ ಹೊರತೆಗೆದರೆ ಇಂಟರ್ನೆಟ್ ಇಲ್ಲದ ಕೇಂದ್ರದಲ್ಲೂ ಬ್ರೌಸರಿನಲ್ಲಿ ತೆರೆಯಬಹುದು, ಆದರೆ ಅಂಕಗಳು ಒಂದೆಡೆ ದಾಖಲಾಗಬೇಕಾದರೆ ಮೂಡಲ್‌ನಂಥ ಕಲಿಕಾ ತಾಣಕ್ಕೆ ಏರಿಸಬೇಕಾಗುತ್ತದೆ. ಹಂಚುವ ಮೊದಲು ವಿಷಯತಜ್ಞರೊಬ್ಬರಿಂದ ಪ್ರತಿ ಕವಲನ್ನೂ ಪರಿಶೀಲನೆ ಮಾಡಿಸಿ, ನಾಲ್ಕಾರು ನರ್ಸುಗಳಿಗೆ ಕೊಟ್ಟು ಅವರು ಎಲ್ಲಿ ತಡವರಿಸುತ್ತಾರೆಂದು ಪಕ್ಕದಲ್ಲಿ ಕುಳಿತು ಗಮನಿಸುವುದು ಒಳ್ಳೆಯದು. ಪಾಠ ಯಾವ ಚಿಕಿತ್ಸಾ ಮಾರ್ಗಸೂಚಿಯನ್ನು ಆಧರಿಸಿದೆ, ಕೊನೆಯ ಬಾರಿ ಯಾವಾಗ ಪರಿಷ್ಕರಿಸಲಾಗಿದೆ ಎಂಬುದನ್ನು ಮೊದಲ ಪರದೆಯಲ್ಲೇ ದಿನಾಂಕ ಸಹಿತ ಬರೆದಿಟ್ಟರೆ, ಮಾರ್ಗಸೂಚಿ ಬದಲಾದಾಗ ಹಳೆಯ ಪ್ರತಿಗಳನ್ನು ಗುರುತಿಸಿ ಹಿಂಪಡೆಯಲು ಅನುಕೂಲವಾಗುತ್ತದೆ.