ಕೊರಳಲ್ಲಿ 'ಟ್ರೈನಿ' ಕಾರ್ಡ್ ಇದೆ, ಕರಾರು ಎಲ್ಲಿದೆ?

ಐಟಿಐ ಮುಗಿಸಿ ಪೀಣ್ಯಕ್ಕೋ ಬಿಡದಿಗೋ ಬಂದವರಿಗೆ ಕಾರ್ಖಾನೆಯಲ್ಲಿ ಮೊದಲು ಸಿಗುವುದು 'ಟ್ರೈನಿ' ಎಂಬ ಐಡಿ ಕಾರ್ಡ್. ಕೆಲವೇ ವಾರಗಳಲ್ಲಿ ಅವರು ಲೈನಿನಲ್ಲಿ ಪೂರಾ ಆಪರೇಟರ್ ಕೆಲಸ ಮಾಡುತ್ತಿರುತ್ತಾರೆ. ಕೈಗೆ ಬರುವುದು ಮಾತ್ರ ಸ್ಟೈಪೆಂಡ್. ಪಿಎಫ್ ಕೇಳಿದರೆ 'ನೀನಿನ್ನೂ ಕಲಿಯುವವನಪ್ಪಾ' ಎಂಬ ಉತ್ತರ. ಆದರೆ ಯಾರು ಕಲಿಯುವವರು, ಯಾರು ದುಡಿಯುವವರು ಎಂದು ತೀರ್ಮಾನಿಸುವುದು ಐಡಿ ಕಾರ್ಡ್ ಅಲ್ಲ.

1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ತರಬೇತಿಗೆ ಸೇರುವ ಮುನ್ನ ಲಿಖಿತ ಕರಾರು ಆಗಲೇಬೇಕು. ಅಭ್ಯರ್ಥಿ ಅಪ್ರಾಪ್ತರಾದರೆ ಪೋಷಕರು ಸಹಿ ಹಾಕಬೇಕು. ಆ ಕರಾರು ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. ನೋಂದಣಿ ಸಂಖ್ಯೆ, ಯಾವ ಟ್ರೇಡ್, ಎಷ್ಟು ಅವಧಿ, ಸ್ಟೈಪೆಂಡ್ ಎಷ್ಟು ಎಂಬುದನ್ನು ನೋಡಿಕೊಂಡು ಪ್ರತಿಯನ್ನು ಕೇಳಿ ಪಡೆಯಿರಿ. 'ಎಚ್‌ಆರ್‌ನಲ್ಲಿ ಇದೆ, ಆಮೇಲೆ ಕೊಡ್ತೀವಿ' ಎಂಬ ಮಾತಿಗೆ ಸುಮ್ಮನಾಗಬೇಡಿ.

2019ರ ತಿದ್ದುಪಡಿಯಂತೆ ಕನಿಷ್ಠ ಸ್ಟೈಪೆಂಡ್ ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿ. ಐಟಿಐ ಪಾಸಾದವರಿಗೆ 7,000. ಈ ದರ ಆಗಾಗ ಪರಿಷ್ಕರಣೆಯಾಗುವುದರಿಂದ ಸೇರುವ ದಿನದ ದರವನ್ನು ಪೋರ್ಟಲ್‌ನಲ್ಲೇ ನೋಡುವುದು ಕ್ಷೇಮ. ಹಣ ಮುಂದಿನ ತಿಂಗಳ 10ರೊಳಗೆ ಬರಬೇಕು. ಓಟಿ ವಿಷಯದಲ್ಲಿ ಕಾಯ್ದೆ ಬಿಗಿಯಾಗಿದೆ: ಸರ್ಕಾರ ನೇಮಿಸಿದ ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆಯಿಲ್ಲದೆ ಅಪ್ರೆಂಟಿಸ್‌ನಿಂದ ಓಟಿ ಮಾಡಿಸುವಂತಿಲ್ಲ, ತಾನಾಗಿ ಮಾಡುತ್ತೇನೆಂದರೂ ಬಿಡುವಂತಿಲ್ಲ. ತರಬೇತಿಗೋ ಸಾರ್ವಜನಿಕ ಹಿತಕ್ಕೋ ಅದು ಬೇಕು ಎಂದು ಮನವರಿಕೆಯಾದರೆ ಮಾತ್ರ ಅವರು ಒಪ್ಪಿಗೆ ಕೊಡಬಹುದು. ಆರ್ಡರ್ ಅರ್ಜೆಂಟ್ ಎಂಬುದು ಕಾರಣವೇ ಅಲ್ಲ. ಪ್ರೆಸ್ಸಿನಲ್ಲಿ ಬೆರಳು ಸಿಕ್ಕಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದು. ಪ್ರತಿ ಅಪ್ರೆಂಟಿಸ್ ಏನು ಕಲಿತರು ಎಂಬ ದಾಖಲೆಯನ್ನೂ ಅವರು ಇಡಬೇಕು. ವರ್ಷವಿಡೀ ಪ್ಯಾಕಿಂಗ್ ಮಾಡಿಸಿ ಫಿಟ್ಟರ್ ತರಬೇತಿ ಕೊಟ್ಟೆವು ಎನ್ನುವವರನ್ನು ಹಿಡಿಯುವುದು ಈ ದಾಖಲೆಯಿಂದಲೇ.

ಇನ್ನು ಸಿಗದಿರುವುದರ ಬಗ್ಗೆ. ನೋಂದಾಯಿತ ಅಪ್ರೆಂಟಿಸ್ ಕಾನೂನಿನ ಕಣ್ಣಿನಲ್ಲಿ ಕಾರ್ಮಿಕರಲ್ಲ. ಪಿಎಫ್, ಇಎಸ್ಐ ಅವರಿಗಿಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದೂ ಇಲ್ಲ, ಕರಾರಿನಲ್ಲೇ ಹಾಗೆ ಬರೆದಿದ್ದರೆ ಮಾತು ಬೇರೆ. ಉತ್ತರ ಪ್ರದೇಶ ಸಾರಿಗೆ ನಿಗಮದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್, ಉಳಿದೆಲ್ಲ ಅರ್ಹತೆ ಸಮವಾಗಿದ್ದರೆ ತರಬೇತಿ ಪಡೆದವರಿಗೆ ಆದ್ಯತೆ ಇರಲಿ ಎಂದಿತು. ಅದು ಆದ್ಯತೆಯಷ್ಟೇ, ನೌಕರಿಯ ಖಾತರಿಯಲ್ಲ.

ನೋಂದಣಿಯೇ ಇಲ್ಲದ 'ಟ್ರೈನಿ'ಗಳ ಗತಿ? ಇಲ್ಲಿ ಕಾನೂನು ಬದಲಾಗಿದೆ. ಮಂಗಳೂರಿನ ಕ್ಯಾಂಪ್ಕೊ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಮಾದರಿ ಸ್ಥಾಯಿ ಆದೇಶಗಳಡಿ (ಸ್ಟ್ಯಾಂಡಿಂಗ್ ಆರ್ಡರ್, ಅಂದರೆ ಕಾರ್ಖಾನೆಯ ಸೇವಾ ನಿಯಮಗಳು) ತೆಗೆದುಕೊಂಡ ಟ್ರೈನಿಗಳೂ ಅಪ್ರೆಂಟಿಸ್‌ಗಳೇ, ಅವರಿಗೆ ಪಿಎಫ್ ಅನ್ವಯಿಸದು ಎಂದಿತ್ತು. ಆಗಿನ ಪಿಎಫ್ ಕಾಯ್ದೆಯಲ್ಲೇ ಅದಕ್ಕೆ ಅವಕಾಶವಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ 'ಉದ್ಯೋಗಿ' ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿರುವುದು 1961ರ ಕಾಯ್ದೆಯಡಿ ಸೇರಿದ ಅಪ್ರೆಂಟಿಸ್‌ಗಳನ್ನು. ಸ್ಥಾಯಿ ಆದೇಶದ ಟ್ರೈನಿಗಳ ಮಾತು ಅಲ್ಲಿಲ್ಲ. ಹಾಗಾಗಿ ನೋಂದಣಿಯಿಲ್ಲದೆ ಪೂರಾ ಕೆಲಸ ಮಾಡುತ್ತಿರುವವರ ವಾದಕ್ಕೆ ಮೊದಲಿಗಿಂತ ಬಲ ಬಂದಿದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಪುರಾವೆ ಬೇಕು: ಹಾಜರಾತಿ, ಬ್ಯಾಂಕ್ ಪಾಸ್‌ಬುಕ್, ಶಿಫ್ಟ್ ಹಾಕಿದ ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ.

ಕರಾರು ಇರುವವರು ತಕರಾರನ್ನು ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗೆ ಬರೆದು ಕೊಡಬೇಕು. ಯಾರು, ಎಲ್ಲಿ ಎಂಬುದು ಹತ್ತಿರದ ಸರ್ಕಾರಿ ಐಟಿಐಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಡಿಪ್ಲೊಮಾ, ಎಂಜಿನಿಯರಿಂಗ್ ಮುಗಿಸಿದವರಿಗೆ ದಕ್ಷಿಣ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ ಚೆನ್ನೈಯಲ್ಲಿದೆ. ಸಲಹೆಗಾರರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಸಿಟ್ಟಿನಲ್ಲಿ ಹೇಳದೆ ಕೇಳದೆ ಬಿಟ್ಟು ಹೋಗುವುದು ಮಾತ್ರ ಬೇಡ. ತಪ್ಪು ಮಾಲೀಕರದಾಗಿ ಕರಾರು ರದ್ದಾದರೆ ಪರಿಹಾರ ನಿಮಗೆ. ತಪ್ಪು ನಿಮ್ಮದಾದರೆ ತರಬೇತಿಯ ವೆಚ್ಚ ನಿಮ್ಮ ತಲೆಗೆ.

ಕರಾರು ಇಲ್ಲದವರು ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡಿ. ವಕೀಲರ ಫೀಸಿಗೆ ಹೆದರಬೇಕಿಲ್ಲ. ಕೈಗಾರಿಕಾ ಕಾರ್ಮಿಕರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ ಸಂಖ್ಯೆ 15100.